ಹಳೆಯ ಸ್ನೋ ಬ್ಲೋವರ್ ದೂರ ಎಸೆಯುತ್ತಿಲ್ಲವೇ? ಪದೇ ಪದೇ ಕೇಳುವ ಪ್ರಶ್ನೆಗಳು

ನಾವಿರುವುದು ಪಶ್ಚಿಮ ಮಿಚಿಗನ್ನಿನಲ್ಲಿ. ಲೇಕ್ ಮಿಚಿಗನ್ ಮೇಲಿಂದ ತಣ್ಣನೆ ಗಾಳಿ ಬೀಸಿತೆಂದರೆ ಬೆಳಗಾಗುವಷ್ಟರಲ್ಲಿ ಡ್ರೈವ್‌ವೇ ಕಾಣದ ಹಾಗೆ ಸ್ನೋ ಬಿದ್ದಿರುತ್ತದೆ. ದೀಪಾವಳಿ ಮುಗಿಯುತ್ತಿದ್ದಂತೆ ಕನ್ನಡ ಕೂಟದ ಗೆಳೆಯರಿಂದ ಫೋನು ಶುರುವಾಗುತ್ತದೆ. ಟೊರಾಂಟೊ, ಮಿನಿಯಾಪೊಲಿಸ್ ಕಡೆಯಿಂದಲೂ ಕೇಳುತ್ತಾರೆ. ಎಲ್ಲರದೂ ಹೆಚ್ಚುಕಡಿಮೆ ಒಂದೇ ದೂರು: ಯಾರಿಂದಲೋ ಕಡಿಮೆ ಬೆಲೆಗೆ ಕೊಂಡ ಹಳೆಯ ಸ್ನೋ ಬ್ಲೋವರ್ (ಬಿದ್ದ ಸ್ನೋವನ್ನು ಬಾಚಿ ಬದಿಗೆ ಎಸೆಯುವ ಮೆಷಿನ್) ಸ್ನೋವನ್ನು ದೂರ ಎಸೆಯುವುದಿಲ್ಲ. ನನ್ನದೂ ಅಂಥದ್ದೇ, 1980ರ ದಶಕದ 8 ಎಚ್‌ಪಿ (ಅಶ್ವಶಕ್ತಿ) ಎಂಜಿನ್ನಿನ, 24 ಇಂಚು ಅಗಲದ ಮೆಷಿನ್. ಕೆಳಗೆ ಬರೆದಿರುವ ಕೆಲಸಗಳಲ್ಲಿ ಹೆಚ್ಚಿನವನ್ನು ಅದರ ಮೇಲೆ ನಾನೇ ಮಾಡಿ ನೋಡಿದ್ದೇನೆ.

## ಮೊದಲು ತಿಳಿದುಕೊಳ್ಳಬೇಕಾದ್ದು

ಹೊಸದರಲ್ಲಿ ಮೂವತ್ತು ಅಡಿ ಎಸೆಯುತ್ತಿತ್ತಂತೆ, ಈಗ ಹತ್ತಡಿಗೇ ಬಿದ್ದುಬಿಡುತ್ತೆ. ಮೆಷಿನ್ ಕಥೆ ಮುಗೀತಾ?

ಇಲ್ಲ. ಎಂಜಿನ್ ಹೊತ್ತಿಕೊಂಡು ಓಡುತ್ತಿದೆ, ಗೇರ್‌ಬಾಕ್ಸ್ ಸರಿಯಿದೆ ಅಂದರೆ ಮೆಷಿನ್ ಮುಗಿದಿಲ್ಲ. ಎಸೆತ ಕಡಿಮೆಯಾಗಲು ಸಾಮಾನ್ಯವಾಗಿ ನಾಲ್ಕೇ ಕಾರಣ: ಬೆಲ್ಟ್ ಜಾರುವುದು, ಎಂಜಿನ್ ಪೂರ್ತಿ ವೇಗಕ್ಕೆ ಬರದಿರುವುದು, ಚ್ಯೂಟ್ (ಸ್ನೋ ಹೊರಗೆ ಹಾರುವ ಕೊಳವೆ) ಒಳಗೆ ತುಕ್ಕು, ಮತ್ತು ಇಂಪೆಲ್ಲರ್‌ಗೂ (ಸ್ನೋ ಎಸೆಯುವ ಫ್ಯಾನ್) ಅದರ ಡ್ರಮ್ಮಿಗೂ ನಡುವಿನ ಸಂದಿ. ಈ ಸಂದಿಯನ್ನು ಬಹಳ ಜನ ನೋಡುವುದೇ ಇಲ್ಲ. ನನ್ನ ಪ್ರಕಾರ ಹಳೆಯ ಮೆಷಿನ್‌ಗಳಲ್ಲಿ ಜಾಸ್ತಿ ನಷ್ಟ ಆಗುವುದು ಅಲ್ಲೇ. ಹೊಸ ಮೆಷಿನ್ನಿಗೆ ಸಾವಿರಾರು ಡಾಲರ್ ಕೊಡುವ ಮೊದಲು ಒಂದು ವಾರಾಂತ್ಯ ಇದಕ್ಕೆ ಕೊಡಿ.

ಒಳಗೆ ಏನೇನಿದೆ? ನಿಜವಾಗಿ ಎಸೆಯುವುದು ಯಾವ ಭಾಗ?

ಮುಂದೆ ಸುರುಳಿ ಹಲ್ಲಿನ ಹಾಗೆ ತಿರುಗುವುದು ಆಗರ್. ಅದರ ಕೆಲಸ ಸ್ನೋವನ್ನು ಒಡೆದು ನಡುವಿಗೆ ತರುವುದು, ಅಷ್ಟೇ. ಅದು ನಿಧಾನವಾಗಿ ತಿರುಗುತ್ತದೆ, ನಿಮಿಷಕ್ಕೆ ಸುಮಾರು ನೂರು ಸುತ್ತು. ಅದರ ಹಿಂದೆ ದುಂಡನೆಯ ಡ್ರಮ್ಮಿನೊಳಗೆ ಮೂರೋ ನಾಲ್ಕೋ ಬ್ಲೇಡಿನ ಫ್ಯಾನ್ ಇದೆ. ಅದೇ ಇಂಪೆಲ್ಲರ್. ಅದು ನಿಮಿಷಕ್ಕೆ ಸಾವಿರ ಸುತ್ತಿನ ಆಸುಪಾಸಿನಲ್ಲಿ ತಿರುಗಿ ಸ್ನೋವನ್ನು ಚ್ಯೂಟಿನಿಂದ ಹೊರಗೆ ಎಸೆಯುತ್ತದೆ.

ಊರಿನಲ್ಲಿ ಹೊಲ ಕಾಯುವಾಗ ಕವಣೆ ಬೀಸಿ ಕಲ್ಲು ಹೊಡೆದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಕವಣೆ ಎಷ್ಟು ಜೋರಾಗಿ ತಿರುಗಿತು, ಕಲ್ಲು ಜಾರದೆ ಎಷ್ಟು ಗಟ್ಟಿಯಾಗಿ ಕೂತಿತ್ತು ಎನ್ನುವುದರ ಮೇಲೆ ದೂರ ನಿಂತಿದೆ. ಇಲ್ಲಿಯೂ ಹಾಗೇ. ವೇಗ ಬೇಕು, ಸ್ನೋ ಜಾರಬಾರದು.

ಕೆನಡಾದ ಕ್ವಿಬೆಕ್‌ನಲ್ಲಿ ಆರ್ಥರ್ ಸಿಕಾರ್ ಎಂಬಾತ 1925ರಲ್ಲಿ ಮೊದಲ ಸ್ನೋ ಬ್ಲೋವರ್ ಕಟ್ಟಿದ. 1927ರಲ್ಲಿ ಮಾಂಟ್ರಿಯಲ್ ಪಕ್ಕದ ಊಟ್ರಮಾಂಟ್ ಊರಿಗೆ ಒಂದನ್ನು ಮಾರಿದ. ಅದು ಲಾರಿಯ ಮೇಲೆ ಕೂರಿಸಿದ ದೊಡ್ಡ ಯಂತ್ರ. ಆದರೂ ಅದರ ಮೂಲ ವಿಚಾರ, ಮುಂದೆ ಕೊರೆದು ಹಿಂದಿನಿಂದ ಬೀಸಿ ಎಸೆಯುವುದು, ಇವತ್ತು ನಮ್ಮ ಗರಾಜಿನಲ್ಲಿದೆ.

ನಮ್ಮದು ಚಿಕ್ಕ ಮೆಷಿನ್, ಹಿಂದೆ ಫ್ಯಾನೇ ಇಲ್ಲ. ಇದೆಲ್ಲಾ ನಮಗೆ ಅನ್ವಯಿಸುತ್ತಾ?

ನಿಮ್ಮದು ಸಿಂಗಲ್ ಸ್ಟೇಜ್. ಅದರಲ್ಲಿ ರಬ್ಬರ್ ಪ್ಯಾಡಲ್‌ಗಳೇ ಕೆರೆದು, ಅವೇ ಎಸೆಯುತ್ತವೆ. ಪ್ಯಾಡಲ್ ಸವೆದರೆ ಎಸೆತ ಸತ್ತ ಹಾಗೆ. ಪ್ಯಾಡಲ್, ಕೆಳಗಿನ ಸ್ಕ್ರೇಪರ್ ಪಟ್ಟಿ, ಬೆಲ್ಟ್ ಮೂರನ್ನೂ ಬದಲಾಯಿಸಿ. ಇಂಪೆಲ್ಲರ್ ಬಗ್ಗೆ ಬರೆದದ್ದು ಬಿಟ್ಟು ಉಳಿದದ್ದನ್ನು ಓದಿಕೊಳ್ಳಿ.

ಒಂದೊಂದು ದಿನ ಚೆನ್ನಾಗಿ ಎಸೆಯುತ್ತೆ, ಒಂದೊಂದು ದಿನ ಚ್ಯೂಟಿನಿಂದ ಗಂಜಿ ಥರ ಸುರಿಯುತ್ತೆ. ಯಾಕೆ ಹೀಗೆ?

ಸ್ನೋದಲ್ಲಿ ವ್ಯತ್ಯಾಸ ಇದೆ. ಕೊರೆಯುವ ಚಳಿಯಲ್ಲಿ ಬಿದ್ದ ಒಣ ಸ್ನೋ ಒಂದು ಘನ ಮೀಟರ್‌ಗೆ 50ರಿಂದ 100 ಕೆ.ಜಿ. ತೂಗುತ್ತದೆ. ಮಾರ್ಚ್ ತಿಂಗಳ ಒದ್ದೆ ಸ್ನೋ 200–300 ಕೆ.ಜಿ.ಯೂ ಆಗಬಹುದು. ಒದ್ದೆಯದು ಬ್ಲೇಡಿಗೂ ಚ್ಯೂಟಿಗೂ ಅಂಟಿಕೊಳ್ಳುತ್ತದೆ. ಇನ್ನೊಂದು ಕಡೆ, ತೀರಾ ಹಗುರವಾದ ಪುಡಿ ಸ್ನೋ ಸ್ವಲ್ಪ ದೂರ ಹೋಗಿ ಗಾಳಿಯಲ್ಲಿ ಮೋಡದ ಹಾಗೆ ಹರಡಿಬಿಡುತ್ತದೆ. ತುಸು ತೂಕ ಇರುವ, ಆದರೆ ಒದ್ದೆಯಾಗದ ಸ್ನೋವೇ ಎಲ್ಲಕ್ಕಿಂತ ದೂರ ಹೋಗುತ್ತದೆ. ಹಾಗಾಗಿ ಇವತ್ತಿನ ಎಸೆತವನ್ನು ಕಳೆದ ವಾರದ್ದಕ್ಕೆ ಹೋಲಿಸಿ ಗಾಬರಿಯಾಗಬೇಡಿ. ಒಂದೇ ದಿನ, ಒಂದೇ ಸ್ನೋದಲ್ಲಿ ಹೋಲಿಸಿ.

## ಖರ್ಚಿಲ್ಲದೆ, ಅಥವಾ ಸ್ವಲ್ಪ ಖರ್ಚಿನಲ್ಲಿ ಆಗುವುದು

ನಾನು ಓಡಿಸುವ ರೀತಿಯಲ್ಲೇ ತಪ್ಪಿದೆಯಾ?

ಇರಬಹುದು. ತುಂಬಾ ಜನ ಸದ್ದಿಗೆ ಹೆದರಿ ಥ್ರಾಟಲ್ ಅರ್ಧಕ್ಕೆ ಇಡುತ್ತಾರೆ. ಈ ಮೆಷಿನ್‌ಗಳನ್ನು ಪೂರ್ತಿ ಥ್ರಾಟಲ್‌ನಲ್ಲೇ ಓಡಿಸಬೇಕು. ಇನ್ನೊಂದು ವಿಷಯ: ಇಂಪೆಲ್ಲರ್‌ಗೆ ಹೊಟ್ಟೆ ತುಂಬ ಸ್ನೋ ಸಿಗಬೇಕು. ತೆಳ್ಳಗೆ ಎರಡಿಂಚು ಬಿದ್ದಾಗ ಆಮೆ ಹಾಗೆ ನಡೆದರೆ ಸ್ನೋ ಚೂರುಚೂರಾಗಿ ಹತ್ತಿರವೇ ಬೀಳುತ್ತದೆ. ಆಗ ಒಂದು ಗೇರ್ ಮೇಲೆ ಹೋಗಿ. ದಪ್ಪಗೆ ಬಿದ್ದಾಗ ಗೇರ್ ಇಳಿಸಿ, ಎಂಜಿನ್ ಸದ್ದು ಕುಗ್ಗದ ಹಾಗೆ ನೋಡಿಕೊಳ್ಳಿ. ಸದ್ದು ಕುಗ್ಗಿತೆಂದರೆ ಎಸೆತವೂ ಕುಗ್ಗಿತೆಂದೇ ಅರ್ಥ.

ಚ್ಯೂಟ್ ಒಳಗೆ ಅಡುಗೆ ಎಣ್ಣೆ ಹಚ್ಚಿ ಅಂತಾರೆ. ಹಚ್ಚಬಹುದಾ?

ಹಚ್ಚಬಹುದು, ಒಂದೆರಡು ಸಲ ಕೆಲಸಕ್ಕೂ ಬರುತ್ತದೆ. ದೋಸೆ ಕಾವಲಿಗೆ ಎಣ್ಣೆ ಸವರುವ ಹಾಗೆಯೇ, ಅಂಟಬಾರದು ಅಂತ. ಆದರೆ ಬೇಗ ಕೊಚ್ಚಿಹೋಗುತ್ತದೆ. ಸಿಲಿಕೋನ್ ಸ್ಪ್ರೇ ಸ್ವಲ್ಪ ಜಾಸ್ತಿ ಬಾಳುತ್ತದೆ. ಬಾಳಿಕೆ ಬೇಕೆಂದರೆ ಬೇಸಿಗೆಯಲ್ಲೇ ಚ್ಯೂಟ್ ಬಿಚ್ಚಿ, ತುಕ್ಕನ್ನು ವೈರ್ ಬ್ರಶ್ಶಿನಿಂದ ಉಜ್ಜಿ, ಉಪ್ಪುಕಾಗದ ಹಾಕಿ ನುಣುಪು ಮಾಡಿ, ಗ್ರಾಫೈಟ್ ಇರುವ ಬಣ್ಣ ಹೊಡೆಯಿರಿ. ಡ್ರಮ್ಮಿನ ಒಳಗೋಡೆಗೂ ಹೊಡೆಯಿರಿ. ಒರಟು ತುಕ್ಕಿನ ಮೇಲೆ ಒದ್ದೆ ಸ್ನೋ ಹಿಡಿದುಕೊಂಡು ನಿಲ್ಲುತ್ತದೆ. ನುಣುಪು ಬಣ್ಣದ ಮೇಲೆ ಜಾರಿಹೋಗುತ್ತದೆ.

ಬೆಲ್ಟ್ ತುಂಡಾಗಿಲ್ಲವಲ್ಲ, ಮತ್ತೆ ಅದನ್ನು ಯಾಕೆ ನೋಡಬೇಕು?

ತುಂಡಾಗದೆಯೂ ಬೆಲ್ಟ್ ಕೈಕೊಡುತ್ತದೆ. ಹಿಟ್ಟಿನ ಗಿರಣಿಯಲ್ಲಿ ನಿಂತವರಿಗೆ ನೆನಪಿರಬಹುದು. ಕಾಳು ಜಾಸ್ತಿ ಬಿದ್ದಾಗ ಬೆಲ್ಟ್ ಕಿರ್ರ್ ಅನ್ನುತ್ತಿತ್ತು, ಕಲ್ಲು ನಿಧಾನವಾಗುತ್ತಿತ್ತು, ಆದರೆ ಮೋಟಾರು ಮಾತ್ರ ಅದೇ ವೇಗದಲ್ಲಿ ಓಡುತ್ತಿತ್ತು. ಇಲ್ಲಿ ಆಗುವುದೂ ಅದೇ. ಎಂಜಿನ್ ಸದ್ದು ಇಳಿಯದೆ ಎಸೆತ ಮಾತ್ರ ಇಳಿದರೆ ಬೆಲ್ಟ್ ಜಾರುತ್ತಿದೆ.

ಕವರ್ ತೆಗೆದು ನೋಡಿ. ಬೆಲ್ಟಿನ ಪಕ್ಕಗಳು ಗಾಜಿನ ಹಾಗೆ ಹೊಳೆಯುತ್ತಿದ್ದರೆ, ಬಿರುಕು ಇದ್ದರೆ, ಅಥವಾ ಬೆಲ್ಟ್ ಪುಲ್ಲಿಯ ತಳಕ್ಕೆ ಕೂತಿದ್ದರೆ ಬದಲಾಯಿಸಿ. ವಿ ಬೆಲ್ಟ್ ಹಿಡಿಯುವುದು ಪಕ್ಕದ ಗೋಡೆಗಳಿಂದ, ತಳದಿಂದಲ್ಲ. ಗಿರಣಿಯ ಪಟ್ಟೆ ಬೆಲ್ಟಿಗೆ ರಾಳ ಹಚ್ಚುವ ಹಾಗೆ ಇದಕ್ಕೆ ಏನೂ ಹಚ್ಚಬೇಡಿ. ಕಾರಿನ ಬೆಲ್ಟ್ ಅಳತೆ ಹೊಂದುತ್ತದೆ ಅಂತ ಹಾಕಬೇಡಿ. ಇಲ್ಲಿ ಕ್ಲಚ್ ಕೆಲಸವನ್ನೂ ಬೆಲ್ಟೇ ಮಾಡುತ್ತದೆ, ಅದಕ್ಕೆ ಅರಾಮಿಡ್ ದಾರದ ಗಟ್ಟಿ ಬೆಲ್ಟ್ ಬೇಕು. ಹೊಸದು ಹಾಕಿದ ಮೇಲೆ ಬೆಲ್ಟನ್ನು ಒತ್ತಿ ಹಿಡಿಯುವ ಐಡ್ಲರ್ ಪುಲ್ಲಿಯನ್ನು ಸರಿಸಿ ಬಿಗಿ ಮಾಡಿ. ಆಗರ್ ಲಿವರ್ ಬಿಟ್ಟಾಗ ಇಂಪೆಲ್ಲರ್ ಪೂರ್ತಿ ನಿಲ್ಲಲೇಬೇಕು. ನಿಲ್ಲದಿದ್ದರೆ ಬಿಗಿ ಜಾಸ್ತಿಯಾಗಿದೆ, ಅದು ಅಪಾಯ.

ಚೋಕ್ ಅರ್ಧ ಎಳೆದಿಟ್ಟರೆ ಮಾತ್ರ ಎಂಜಿನ್ ಸರಿಯಾಗಿ ಓಡುತ್ತೆ. ಪರವಾಗಿಲ್ವಾ?

ಇಲ್ಲ, ಹಾಗೆ ಬಿಡಬಾರದು. ಚೋಕ್ ಎಂದರೆ ಎಂಜಿನ್‌ಗೆ ಹೋಗುವ ಗಾಳಿ ಕಡಿಮೆ ಮಾಡುವ ಭಾಗ. ಎಂಜಿನ್‌ಗೆ ಪೆಟ್ರೋಲ್ ಸಾಲುತ್ತಿಲ್ಲ ಎನ್ನುವುದರ ಗುರುತು ಅದು. ಕಾರ್ಬುರೇಟರ್‌ನ ಜೆಟ್ಟಿನಲ್ಲಿ (ಪೆಟ್ರೋಲ್ ಬರುವ ಸಣ್ಣ ತೂತು) ಹಳೆಯ ಪೆಟ್ರೋಲಿನ ಅಂಟು ಕೂತಿರುತ್ತದೆ. ಬಿಚ್ಚಿ, ತೆಳುವಾದ ತಂತಿ ಹಾಕಿ, ಕ್ಲೀನರ್ ಹೊಡೆದು ಶುಚಿ ಮಾಡಿ. ಕೆಲವು ಹಳೆಯ ಕಾರ್ಬುರೇಟರ್‌ಗಳ ಬೌಲ್ ಕೆಳಗೆ ಒಂದು ಸ್ಕ್ರೂ ಇರುತ್ತದೆ. ಅದನ್ನು ಕಾಲು ಸುತ್ತು ಹೊರಗೆ ತಿರುಗಿಸಿದರೆ ಪೆಟ್ರೋಲ್ ಸ್ವಲ್ಪ ಜಾಸ್ತಿ ಬರುತ್ತದೆ. ಚಳಿಯಲ್ಲಿ ಗಾಳಿ ದಟ್ಟವಾಗಿರುವುದರಿಂದ ಅದು ಬೇಕು. ಸೀಸನ್ ಮುಗಿದ ಮೇಲೆ ಟ್ಯಾಂಕ್ ಬರಿದು ಮಾಡಿಡಿ, ಅಥವಾ ಸ್ಟೆಬಿಲೈಸರ್ ಹಾಕಿಡಿ. ಎಥನಾಲ್ ಇಲ್ಲದ ಪೆಟ್ರೋಲ್ ಸಿಕ್ಕರೆ ಇನ್ನೂ ಒಳ್ಳೆಯದು.

## ಮುಖ್ಯ ಕೆಲಸ: ಇಂಪೆಲ್ಲರ್‌ಗೆ ರಬ್ಬರ್ ಪಟ್ಟಿ

ಇಂಪೆಲ್ಲರ್ ಕಿಟ್ ಅಂತಾರಲ್ಲ, ಅದೇನು? ಅದರಿಂದ ಹೇಗೆ ದೂರ ಹೋಗುತ್ತೆ?

ಚ್ಯೂಟ್ ತೆಗೆದು ಒಳಗೆ ಟಾರ್ಚ್ ಬಿಟ್ಟು ನೋಡಿ. ಬ್ಲೇಡಿನ ತುದಿಗೂ ಡ್ರಮ್ಮಿನ ಗೋಡೆಗೂ ನಡುವೆ ಸಂದಿ ಕಾಣುತ್ತದೆ. ಹಳೆಯ ಮೆಷಿನ್‌ಗಳಲ್ಲಿ ಅದು ಕಾಲು ಇಂಚಿನಿಂದ ಅರ್ಧ ಇಂಚಿನವರೆಗೂ ಇರಬಹುದು. ಬ್ಲೇಡ್ ಬೀಸಿದಾಗ ಸ್ನೋದಲ್ಲಿ ಒಂದು ಪಾಲು ಚ್ಯೂಟಿಗೆ ಹೋಗುವ ಬದಲು ಆ ಸಂದಿಯಿಂದ ಹಿಂದಕ್ಕೆ ನುಸುಳುತ್ತದೆ. ಒದ್ದೆ ಸ್ನೋ ಆದರೆ ಗೋಡೆಗೆ ಮೆತ್ತಿಕೊಂಡು ಬ್ರೇಕ್ ಹಾಕಿದ ಹಾಗೆ ಆಗುತ್ತದೆ. ಸೀಳಿದ ಮೊರದಲ್ಲಿ ಕೇರಿದ ಹಾಗೆ ಅದು.

ಪ್ರತಿ ಬ್ಲೇಡಿಗೂ ಒಂದು ರಬ್ಬರ್ ಪಟ್ಟಿ ಬೋಲ್ಟ್ ಮಾಡಿ ಆ ಸಂದಿ ಮುಚ್ಚುವುದೇ ಕಿಟ್. ರಬ್ಬರ್ ಗೋಡೆಯನ್ನು ಸವರಿಕೊಂಡು ಹೋಗುತ್ತದೆ. ಬಂದ ಸ್ನೋವನ್ನೆಲ್ಲಾ ಗುಡಿಸಿ ಚ್ಯೂಟಿಗೆ ತಳ್ಳುತ್ತದೆ.

ಕಿಟ್ ಕೊಳ್ಳಲೇಬೇಕಾ? ಮನೆಯಲ್ಲೇ ಮಾಡಿಕೊಳ್ಳೋಕೆ ಯಾವ ರಬ್ಬರ್ ಬೇಕು?

ಕೊಳ್ಳಲೇಬೇಕು ಅಂತೇನಿಲ್ಲ. ಕಾಲು ಇಂಚಿನಿಂದ 3/8 ಇಂಚು ದಪ್ಪದ, ಒಳಗೆ ಬಟ್ಟೆಯ ಪದರ ಇರುವ ರಬ್ಬರ್ ಬೇಕು. ಕನ್ವೇಯರ್ ಬೆಲ್ಟಿನ ತುಂಡು, ಹುಲ್ಲು ಸುತ್ತುವ ಬೇಲರ್ ಮೆಷಿನ್ನಿನ ಬೆಲ್ಟ್ ಎರಡೂ ಚೆನ್ನಾಗಿ ಬಾಳುತ್ತವೆ. ರೈತರ ಸಾಮಾನಿನ ಅಂಗಡಿಯಲ್ಲಿ ಕೇಳಿ. ಹಳೆಯ ಟೈರಿನ ಪಕ್ಕದ ಗೋಡೆಯೂ ಆಗುತ್ತದೆ. ಟೈರಿನ ನೆಲ ಮುಟ್ಟುವ ಭಾಗ ಬೇಡ, ಅದರಲ್ಲಿ ಉಕ್ಕಿನ ತಂತಿ ಇರುತ್ತದೆ. ಬಟ್ಟೆ ಇಲ್ಲದ ಬರೀ ರಬ್ಬರ್ ಬೋಲ್ಟಿನ ಜಾಗದಲ್ಲಿ ಹರಿದುಹೋಗುತ್ತದೆ. ನಾನು ಮೊದಲ ಸಲ ಅಂಥದ್ದೇ ಹಾಕಿ ಜನವರಿಯಲ್ಲಿ ಮತ್ತೆ ಬಿಚ್ಚಬೇಕಾಯಿತು.

ಸರಿ, ಹಾಕುವುದು ಹೇಗೆ? ಹಂತ ಹಂತವಾಗಿ ಹೇಳಿ.

ಎಲ್ಲಕ್ಕಿಂತ ಮೊದಲು ಸ್ಪಾರ್ಕ್ ಪ್ಲಗ್‌ನ ವೈರ್ ಕಿತ್ತು ದೂರ ಕಟ್ಟಿ. ಇಂಪೆಲ್ಲರ್ ಕೈಯಲ್ಲಿ ತಿರುಗಿಸುವಾಗ ಎಂಜಿನ್ ಹೊತ್ತಿಕೊಂಡರೆ ಬೆರಳು ಉಳಿಯುವುದಿಲ್ಲ. ಟ್ಯಾಂಕಿನ ಪೆಟ್ರೋಲ್ ತೆಗೆಯಿರಿ. ಚ್ಯೂಟ್ ಬಿಚ್ಚಿ.

ಈಗ ಒಂದು ಬ್ಲೇಡನ್ನು ಹಿಡಿದು ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಎಲ್ಲಾ ಕಡೆ ಸಂದಿ ಒಂದೇ ಇರುವುದಿಲ್ಲ, ಹಳೆಯ ಡ್ರಮ್ ಪೂರ್ತಿ ದುಂಡಗಿರುವುದಿಲ್ಲ. ಅತಿ ಕಡಿಮೆ ಸಂದಿ ಎಲ್ಲಿದೆಯೋ ಅಲ್ಲಿ ಗುರುತು ಹಾಕಿಕೊಳ್ಳಿ. ಅಳತೆ ಅಲ್ಲಿಗೇ ಮಾಡಬೇಕು. ಇದೇ ಹೊತ್ತಿನಲ್ಲಿ ಇಂಪೆಲ್ಲರನ್ನು ಶಾಫ್ಟಿಗೆ ಹಿಡಿದಿರುವ ಪಿನ್ ಅಥವಾ ಬೋಲ್ಟ್ ನೋಡಿ. ಅದು ಮುರಿದಿದ್ದರೆ ಶಾಫ್ಟ್ ತಿರುಗಿದರೂ ಇಂಪೆಲ್ಲರ್ ಜಾರುತ್ತಿರುತ್ತದೆ. ಇಂಪೆಲ್ಲರನ್ನು ಮೇಲೆ ಕೆಳಗೆ ಅಲ್ಲಾಡಿಸಿ. ಆಟ ಇದ್ದರೆ ಬೇರಿಂಗ್ ಹೋಗಿದೆ, ಮೊದಲು ಅದನ್ನು ಸರಿ ಮಾಡಿ.

ರಬ್ಬರನ್ನು ಸುಮಾರು ಎರಡು ಇಂಚು ಅಗಲಕ್ಕೆ, ಬ್ಲೇಡಿನಷ್ಟೇ ಉದ್ದಕ್ಕೆ ಕತ್ತರಿಸಿ. ಅದರ ಮೇಲೆ ಕೂರಲು 1/8 ಇಂಚಿನ ಉಕ್ಕಿನ ಪಟ್ಟಿ ಬೇಕು. ಸುಮ್ನೆ ವಾಶರ್ ಹಾಕಿದರೆ ರಬ್ಬರ್ ಅದರ ಸುತ್ತ ಹರಿಯುತ್ತದೆ. ಬ್ಲೇಡಿನಲ್ಲಿ ಎರಡು ತೂತು ಕೊರೆಯಿರಿ. ಮೊದಲು ಸಣ್ಣ ಬಿಟ್, ಆಮೇಲೆ ದೊಡ್ಡದು, ಜೊತೆಗೆ ಎಣ್ಣೆ. ಇಡೀ ಕೆಲಸದಲ್ಲಿ ತಾಳ್ಮೆ ಕೇಳುವುದು ಇದೇ, ಚ್ಯೂಟಿನ ಸಣ್ಣ ಬಾಯಿಯಿಂದ ಡ್ರಿಲ್ ಹಿಡಿಯಬೇಕಲ್ಲ. ಮೂಲೆಗೆ ಬಾಗುವ ಡ್ರಿಲ್ ಅಡಾಪ್ಟರ್ ಇದ್ದರೆ ಬಹಳ ಅನುಕೂಲ. ರಬ್ಬರಿನಲ್ಲಿ ದುಂಡು ತೂತಿನ ಬದಲು ಉದ್ದನೆಯ ಸೀಳು ಮಾಡಿ, ಮುಂದೆ ಸವೆದಾಗ ಹೊರಗೆ ಸರಿಸಿಕೊಳ್ಳಬಹುದು.

ಪಟ್ಟಿ ಸ್ನೋ ತಳ್ಳುವ ಮುಖದ ಮೇಲೆ ಬರಲಿ, ಹಿಂದೆ ಬ್ಲೇಡಿನ ಆಸರೆ ಇರುತ್ತದೆ. 5/16 ಇಂಚಿನ ಬೋಲ್ಟಿಗೆ ಲಾಕ್ ನಟ್ ಹಾಕಿ ಬಿಗಿ ಮಾಡಿ. ರಬ್ಬರ್ ಗೋಡೆಯನ್ನು ಮುಟ್ಟಿಯೂ ಮುಟ್ಟದ ಹಾಗೆ ಇರಬೇಕು. 5 ಎಚ್‌ಪಿ ಅಥವಾ ಅದಕ್ಕಿಂತ ಸಣ್ಣ ಎಂಜಿನ್ ಆದರೆ ಒಂದು ಕಾಗದದ ರಟ್ಟಿನಷ್ಟು ಸಂದಿ ಬಿಡಿ, ಇಲ್ಲದಿದ್ದರೆ ತಿಕ್ಕಾಟದಲ್ಲೇ ಎಂಜಿನ್ ದಣಿಯುತ್ತದೆ. ರಬ್ಬರಿನ ಮೂಲೆಗಳನ್ನು ಓರೆಯಾಗಿ ಕತ್ತರಿಸಿ, ಚ್ಯೂಟಿನ ಬಾಯಿಯ ಅಂಚಿಗೆ ಸಿಕ್ಕಿಕೊಳ್ಳಬಾರದು.

ಕೊನೆಗೆ ಕೈಯಲ್ಲೇ ಹತ್ತು ಸುತ್ತು ತಿರುಗಿಸಿ ನೋಡಿ. ಎಲ್ಲೂ ಗಟ್ಟಿಯಾಗಿ ಹಿಡಿಯಬಾರದು. ಆಮೇಲೆ ಗರಾಜಿನ ಹೊರಗೆ ತಂದು ಸ್ಟಾರ್ಟ್ ಮಾಡಿ. ಬಾಗಿಲು ತೆಗೆದಿದ್ದರೂ ಗರಾಜಿನೊಳಗೆ ಎಂಜಿನ್ ಓಡಿಸಬೇಡಿ, ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಮೊದಲ ಹತ್ತು ನಿಮಿಷ ರಬ್ಬರ್ ವಾಸನೆ ಬರುತ್ತದೆ, ತಾನೇ ಸವೆದು ಜಾಗ ಮಾಡಿಕೊಳ್ಳುತ್ತದೆ.

ಪಟ್ಟಿ ಹಾಕಿದ ಮೇಲೆ ಮೆಷಿನ್ ಗಡಗಡ ನಡುಗುತ್ತಿದೆ. ಏನು ಮಾಡಲಿ?

ತೂಕ ಸಮ ಇಲ್ಲ. ಮೂರು ಬ್ಲೇಡ್ ಇದ್ದರೆ ಮೂರಕ್ಕೂ ಹಾಕಲೇಬೇಕು. ನಾಲ್ಕಿದ್ದರೆ ನಾಲ್ಕಕ್ಕೂ, ಅಥವಾ ಎದುರುಬದುರಿನ ಎರಡಕ್ಕೆ. ರಬ್ಬರ್, ಉಕ್ಕು, ಬೋಲ್ಟ್ ಎಲ್ಲಾ ಸೇರಿಸಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಸಮ ಮಾಡಿ. ನಡುಗುತ್ತಲೇ ಓಡಿಸಿದರೆ ಬೇರಿಂಗ್ ಹಾಳಾಗುತ್ತದೆ.

ನಿಜವಾಗಿ ಎಷ್ಟು ವ್ಯತ್ಯಾಸ ಕಾಣುತ್ತೆ?

ಮೊದಲು ಇದ್ದ ಸಂದಿಯ ಮೇಲೆ ನಿಂತಿದೆ. ನಮ್ಮ ಡ್ರೈವ್‌ವೇ ಪಕ್ಕದಲ್ಲಿ ಒಂದು ಮೇಪಲ್ ಮರ ಇದೆ. ಮೊದಲು ಸ್ನೋ ಅದರ ಬುಡಕ್ಕೂ ಮುಟ್ಟುತ್ತಿರಲಿಲ್ಲ, ಫೆಬ್ರವರಿಗೆ ಅಂಚಿನಲ್ಲಿ ಎದೆಯೆತ್ತರದ ಗೋಡೆ ಎದ್ದು ಮತ್ತೆ ಒಳಗೇ ಕುಸಿಯುತ್ತಿತ್ತು. ಪಟ್ಟಿ ಹಾಕಿದ ಮೇಲೆ ಸ್ನೋ ಆ ಮರ ದಾಟಿ ಬೀಳುತ್ತಿದೆ. ನನಗೆ ದೂರಕ್ಕಿಂತ ದೊಡ್ಡ ಲಾಭ ಅನ್ನಿಸಿದ್ದು ಬೇರೆ: ಒದ್ದೆ ಸ್ನೋದಲ್ಲಿ ಚ್ಯೂಟ್ ಕಟ್ಟಿಕೊಳ್ಳುವುದು ಹೆಚ್ಚುಕಡಿಮೆ ನಿಂತೇಹೋಯಿತು. ರಸ್ತೆಯ ಸ್ನೋ ತಳ್ಳುವ ಪ್ಲೌ ಲಾರಿ ಬಂದು ಡ್ರೈವ್‌ವೇ ಬಾಯಿಗೆ ತುಂಬಿಸಿ ಹೋಗುವ ಕೆಸರಿನಂಥ ಸ್ನೋ ಕೂಡ ಈಗ ಎಸೆದುಕೊಂಡು ಹೋಗುತ್ತದೆ.

ಒಂದು ಎಚ್ಚರ. ಕೆಲಸ ಮುಗಿದ ಮೇಲೆ ಒಂದು ನಿಮಿಷ ಖಾಲಿ ಓಡಿಸಿ ಒಳಗಿನ ಸ್ನೋ ಹೊರಹಾಕಿ. ಇಲ್ಲದಿದ್ದರೆ ರಾತ್ರಿ ರಬ್ಬರ್ ಗೋಡೆಗೆ ಹೆಪ್ಪುಗಟ್ಟಿ ಅಂಟುತ್ತದೆ, ಬೆಳಿಗ್ಗೆ ಲಿವರ್ ಒತ್ತಿದರೆ ಬೆಲ್ಟ್ ಸುಡುತ್ತದೆ.

ಮಧ್ಯದಲ್ಲಿ ಚ್ಯೂಟ್ ಕಟ್ಟಿಕೊಂಡರೆ? ಎಂಜಿನ್ ಆಫ್ ಮಾಡಿ ಕೈ ಹಾಕಬಹುದಲ್ವಾ?

ಬೇಡ. ದಯವಿಟ್ಟು ಬೇಡ. ಎಂಜಿನ್ ನಿಂತರೂ ಸಿಕ್ಕಿಕೊಂಡ ಇಂಪೆಲ್ಲರ್‌ನಲ್ಲಿ ಬಿಗಿತ ಉಳಿದಿರಬಹುದು. ಹೆಪ್ಪು ಬಿಟ್ಟ ತಕ್ಷಣ ಅದು ಒಂದು ಸಲ ತಿರುಗುತ್ತದೆ, ಬೆರಳಿಗೆ ಅಷ್ಟೇ ಸಾಕು. ಎಂಜಿನ್ ಆಫ್ ಮಾಡಿ, ಎಲ್ಲಾ ತಿರುಗುವುದು ನಿಲ್ಲುವವರೆಗೆ ಕಾಯಿರಿ, ಕೋಲಿನಿಂದ ಮಾತ್ರ ತೆಗೆಯಿರಿ. ಗ್ಲೌಸ್ ಹಾಕಿದ ಕೈಯೂ ಕೈಯೇ.

## ಇನ್ನೂ ಮುಂದೆ ಹೋಗುವವರಿಗೆ

ಗವರ್ನರ್ (ಎಂಜಿನ್ ವೇಗ ಹಿಡಿತದಲ್ಲಿಡುವ ಭಾಗ) ಸ್ಪ್ರಿಂಗ್ ಎಳೆದು ಎಂಜಿನ್ ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಏರಿಸಿಬಿಡಲಾ?

ಮೊದಲು ಅಳೆಯಿರಿ. ಪ್ಲಗ್ ವೈರಿಗೆ ಸುತ್ತುವ ಸಣ್ಣ ಡಿಜಿಟಲ್ ಟ್ಯಾಕೋಮೀಟರ್ ಕಡಿಮೆ ಬೆಲೆಗೆ ಸಿಗುತ್ತದೆ. ಈ ಎಂಜಿನ್‌ಗಳಲ್ಲಿ ಪ್ರತಿ ಸುತ್ತಿಗೂ ಒಂದು ಕಿಡಿ, ಅದಕ್ಕೆ ತಕ್ಕ ಹಾಗೆ ಸೆಟ್ ಮಾಡಿಕೊಳ್ಳಿ. ಹೊರೆ ಇಲ್ಲದಾಗ ಸಾಮಾನ್ಯವಾಗಿ 3600ರ ಆಸುಪಾಸು ಇರಬೇಕು. ವರ್ಷಗಟ್ಟಲೆ ಓಡಿದ ಎಂಜಿನ್‌ಗಳಲ್ಲಿ 3000, 3200 ಕಾಣುವುದು ಅಪರೂಪವಲ್ಲ. ಅದನ್ನು 3600ಕ್ಕೆ ತಂದರೇ ಎಸೆತ ಬದಲಾಗುತ್ತದೆ. ಅದಕ್ಕಿಂತ ಮೇಲೆ ಹೋಗಬೇಡಿ. ಹಳೆಯ ಕನೆಕ್ಟಿಂಗ್ ರಾಡ್ ಮುರಿದರೆ ಅದು ಎಂಜಿನ್ ಬ್ಲಾಕನ್ನೇ ಒಡೆದು ಹೊರಗೆ ಬರುತ್ತದೆ.

ಎಂಜಿನ್ ವೇಗ ಹಾಗೇ ಇಟ್ಟು ದೊಡ್ಡ ಪುಲ್ಲಿ ಹಾಕಿದರೆ?

ಇದು ಸರಿಯಾದ ದಾರಿ, ಆದರೆ ಲೆಕ್ಕ ಹಾಕಿ ಮಾಡಬೇಕು. ಎಂಜಿನ್ ಪುಲ್ಲಿ 2.5 ಇಂಚು, ಇಂಪೆಲ್ಲರ್ ಪುಲ್ಲಿ 9 ಇಂಚು ಅಂದುಕೊಳ್ಳಿ. 3600ಕ್ಕೆ ಇಂಪೆಲ್ಲರ್ 1000 ಸುತ್ತು ತಿರುಗುತ್ತದೆ. 12 ಇಂಚಿನ ಇಂಪೆಲ್ಲರ್ ಆದರೆ ಅದರ ತುದಿಯ ವೇಗ ಸೆಕೆಂಡಿಗೆ 16 ಮೀಟರ್. ಗಾಳಿಯೂ ತಿಕ್ಕಾಟವೂ ಇಲ್ಲದಿದ್ದರೆ 45 ಡಿಗ್ರಿಯಲ್ಲಿ ಎಸೆದದ್ದು ಸುಮಾರು 26 ಮೀಟರ್ ಹೋಗಬೇಕು. ನಿಜದಲ್ಲಿ ಅದಕ್ಕಿಂತ ತುಂಬಾ ಕಡಿಮೆ.

ಈಗ ಎಂಜಿನ್ ಪುಲ್ಲಿಯನ್ನು 2.75 ಇಂಚು ಮಾಡಿ. ಇಂಪೆಲ್ಲರ್ 1100ಕ್ಕೆ ಬಂತು. ವೇಗ ನೂರಕ್ಕೆ 10ರಷ್ಟು ಏರಿತು, ಆದರೆ ಲೆಕ್ಕದ ದೂರ 21ರಷ್ಟು ಏರುತ್ತದೆ, ಯಾಕೆಂದರೆ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಪ್ರತಿ ಕೆ.ಜಿ. ಸ್ನೋ ಎಸೆಯಲು ಬೇಕಾಗುವ ಶಕ್ತಿಯೂ ಅಷ್ಟೇ ಏರುತ್ತದೆ. ಎಂಜಿನ್‌ನಲ್ಲಿ ಆ ತಾಕತ್ತು ಇಲ್ಲದಿದ್ದರೆ ಹೊರೆ ಬಿದ್ದ ತಕ್ಷಣ ವೇಗ ಕುಸಿದು ಗಳಿಸಿದ್ದೆಲ್ಲಾ ಹೋಗುತ್ತದೆ. ಬೆಲ್ಟಿನ ಉದ್ದವನ್ನೂ ಬದಲಾಯಿಸಬೇಕು. ರಬ್ಬರ್ ಪಟ್ಟಿ ಹಾಕಿ ಒಂದು ಸೀಸನ್ ಓಡಿಸಿ, ಎಂಜಿನ್ ಆರಾಮಾಗಿದೆ ಅನ್ನಿಸಿದರೆ ಮಾತ್ರ ಇದಕ್ಕೆ ಕೈ ಹಾಕಿ.

ಹಳೆ ಎಂಜಿನ್ ತೆಗೆದು ಹೊಸದು ಕೂರಿಸೋದು ಲಾಭಾನಾ?

ಮೆಷಿನ್ನಿನ ಮೈ ಗಟ್ಟಿ ಇದ್ದರೆ ಹೌದು. ಹಳೆಯ ಸ್ನೋ ಬ್ಲೋವರ್‌ಗಳಲ್ಲಿ ಬಹಳಷ್ಟಕ್ಕೆ ಟೆಕಮ್ಸೆ ಎಂಜಿನ್ ಇದೆ. ಆ ಕಂಪನಿ 2008ರಲ್ಲಿ ಎಂಜಿನ್ ಮಾಡುವುದನ್ನು ನಿಲ್ಲಿಸಿತು. ಈಗ 212 ಸಿಸಿಯ ಅಗ್ಗದ ಎಂಜಿನ್ ಕೂರಿಸುವವರು ಜಾಸ್ತಿ. ಕೊಳ್ಳುವ ಮೊದಲು ಶಾಫ್ಟ್ ಅಳೆಯಿರಿ. ಹೊಸದರದು 3/4 ಇಂಚು ಇರುತ್ತದೆ, ಹಳೆಯದು ಒಂದು ಇಂಚಿನದಾದರೆ ಪುಲ್ಲಿಗಳು ಹೊಂದುವುದಿಲ್ಲ. ಕೆಲವು ಹಳೆಯ ಎಂಜಿನ್‌ಗಳಲ್ಲಿ ಎರಡು ಶಾಫ್ಟ್ ಇರುತ್ತವೆ, ಎರಡನೆಯದು ಅರ್ಧ ವೇಗದಲ್ಲಿ ಉಲ್ಟಾ ತಿರುಗಿ ಗಾಲಿ ಓಡಿಸುತ್ತದೆ. ನಿಮ್ಮದು ಹಾಗಿದ್ದರೆ ಈ ಬದಲಾವಣೆ ಸುಲಭವಲ್ಲ.

ಶಿಯರ್ ಪಿನ್ ಪದೇ ಪದೇ ಮುರಿಯುತ್ತೆ. ಗಟ್ಟಿ ಬೋಲ್ಟ್ ಹಾಕಲಾ?

ಹಾಕಬೇಡಿ. ಆಗರನ್ನು ಅದರ ಶಾಫ್ಟಿಗೆ ಹಿಡಿದಿರುವ ಮೆದು ಪಿನ್ ಅದು, ಮುರಿಯುವುದೇ ಅದರ ಕೆಲಸ. ಅದು ಮುರಿಯದಿದ್ದರೆ ಗೇರ್‌ಬಾಕ್ಸ್ ಮುರಿಯುತ್ತದೆ.

ಈಗ ದೂರ ಹೋಗುತ್ತಿದೆ. ರಸ್ತೆಯ ಆಚೆ ಬದಿಗೆ ಎಸೆದುಬಿಡಬಹುದಾ?

ಆಚೆ ಬದಿ ತಲುಪದೆ ರಸ್ತೆಯ ಮೇಲೆ ಬೀಳುವುದೇ ಜಾಸ್ತಿ. ಮಿಚಿಗನ್, ಮಿನೆಸೋಟ, ಒಂಟಾರಿಯೊ ಮೂರರಲ್ಲೂ ಸಾರ್ವಜನಿಕ ರಸ್ತೆಗೆ ಸ್ನೋ ಹಾಕುವುದು ಕಾನೂನಿಗೆ ವಿರುದ್ಧ. ಪಕ್ಕದ ಮನೆಯವರ ಜಾಗಕ್ಕಾದರೆ ಒಂದು ಮಾತು ಕೇಳಿ ಎಸೆಯಿರಿ. ಗಾಳಿ ಬೀಸುವ ದಿಕ್ಕಿಗೇ ಚ್ಯೂಟ್ ತಿರುಗಿಸಿ, ಡಿಫ್ಲೆಕ್ಟರನ್ನು (ಚ್ಯೂಟಿನ ತುದಿಯ ಬಾಗುವ ಮುಚ್ಚಳ) 45 ಡಿಗ್ರಿ ಹತ್ತಿರ ಇಡಿ. ಜಲ್ಲಿ ಡ್ರೈವ್‌ವೇ ಆದರೆ ಸ್ಕಿಡ್ ಶೂಗಳನ್ನು (ಬಾಯಿಯ ಎರಡೂ ಪಕ್ಕ ನೆಲದ ಮೇಲೆ ಜಾರುವ ಪಟ್ಟಿಗಳು) ಹೊಂದಿಸಿ ಮೆಷಿನ್ನಿನ ಬಾಯಿಯನ್ನು ಒಂದು ಇಂಚು ಮೇಲೆತ್ತಿ. ಸ್ನೋ ಜೊತೆ ಈಗ ಕಲ್ಲೂ ದೂರ ಹಾರುತ್ತದೆ, ಆ ಕಡೆ ಮಕ್ಕಳು, ಕಾರು, ಕಿಟಕಿ ಇಲ್ಲ ಅಂತ ನೋಡಿಕೊಂಡೇ ಲಿವರ್ ಒತ್ತಿ.